ಸೋಡಾ ಫೌಂಟನ್ ಮತ್ತು ಮನೆಯ ಲೋಟ

ಅಮೆರಿಕದ ಹಳೆಯ ಚಲನಚಿತ್ರಗಳನ್ನು ನೋಡಿದವರಿಗೆ ಒಂದು ದೃಶ್ಯ ನೆನಪಿರಬಹುದು. ಊರಿನ ಔಷಧದ ಅಂಗಡಿ. ಒಂದು ಮಗ್ಗುಲಲ್ಲಿ ಮಾತ್ರೆ, ಮುಲಾಮು, ಟಾನಿಕ್‌ಗಳ ಕಪಾಟು. ಇನ್ನೊಂದು ಮಗ್ಗುಲಲ್ಲಿ ಅಮೃತಶಿಲೆಯ ಉದ್ದನೆಯ ಕಟ್ಟೆ. ಅದರ ಮುಂದೆ ಗಿರ್ರನೆ ತಿರುಗುವ ಎತ್ತರದ ಸ್ಟೂಲುಗಳು. ಕಟ್ಟೆಯ ಹಿಂದೆ ಬಿಳಿ ಟೋಪಿ ತೊಟ್ಟ ಹುಡುಗ. ಅವನು ಲೋಟದ ತಳಕ್ಕೆ ಒಂದಿಷ್ಟು ಕೆಂಪು ಪಾಕ ಸುರಿದು, ಬಾಗಿದ ನಲ್ಲಿಯ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾನೆ. ಲೋಟ ನೊರೆಯೆದ್ದು ತುಂಬುತ್ತದೆ. ಈ ಕಟ್ಟೆಗೇ ಸೋಡಾ ಫೌಂಟನ್ ಎಂದು ಹೆಸರು.

ಈ ಕಟ್ಟೆಗಳಲ್ಲಿ ಬಹುಪಾಲು ಮುಚ್ಚಿ ಅರ್ಧ ಶತಮಾನವೇ ಕಳೆದಿದೆ. ಆದರೂ ಅಲ್ಲಿ ಸಿಗುತ್ತಿದ್ದ ಹಣ್ಣಿನ ಪಾನೀಯವನ್ನು ಮನೆಯಲ್ಲೇ ಮಾಡಿ ನೋಡುವ ಆಸೆ ಹಲವರಿಗೆ. ಮಾಡಿದವರಲ್ಲಿ ಅನೇಕರದು ಒಂದೇ ದೂರು. ಸ್ಕ್ವಾಶಿಗೆ ಸೋಡಾ ಬೆರೆಸಿದರೆ ಸಿಕ್ಕುವುದು ಗುಳ್ಳೆಯೇಳುವ ಸಕ್ಕರೆ ನೀರು. ಎರಡು ಗುಟುಕು ಕುಡಿದರೆ ಬಾಯಿ ಕಟ್ಟಿಹೋಗುತ್ತದೆ. ಯಂತ್ರವಿಲ್ಲದ್ದರಿಂದ ಹೀಗಾಯಿತು ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಾರೆ. ಯಂತ್ರದ ತಪ್ಪು ಅದರಲ್ಲಿ ಅಷ್ಟೇನೂ ಇಲ್ಲ. ಕಟ್ಟೆಯ ಹುಡುಗನ ಕೈಯಲ್ಲಿದ್ದ ಬೇರೆ ಕೆಲವು ಸಂಗತಿಗಳು ನಮ್ಮ ಲೋಟದಲ್ಲಿಲ್ಲ. ಅವು ಯಾವುವೆಂದು ತಿಳಿಯಲು, ಔಷಧದ ಅಂಗಡಿಯಲ್ಲಿ ಪಾನಕಕ್ಕೇನು ಕೆಲಸ ಎಂಬ ಪ್ರಶ್ನೆಯಿಂದ ಆರಂಭಿಸಬೇಕು.

ಯುರೋಪಿನಲ್ಲಿ ನೆಲದಿಂದ ತಾನಾಗಿ ಗುಳ್ಳೆಯೊಡನೆ ಉಕ್ಕುವ ಚಿಲುಮೆಗಳ ನೀರು ರೋಗಹರ ಎಂಬ ನಂಬಿಕೆ ಬಹಳ ಹಳೆಯದು. ಆ ನೀರನ್ನು ಕೃತಕವಾಗಿ ಮಾಡಿದವರಲ್ಲಿ ಮೊದಲಿಗ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. 1767ರಲ್ಲಿ ಲೀಡ್ಸ್ ಪಟ್ಟಣದಲ್ಲಿ ಅವನ ಮನೆಯ ಪಕ್ಕದಲ್ಲೊಂದು ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಹುದುಗುವ ತೊಟ್ಟಿಯ ಮೇಲೆ ನಿಂತ ಅನಿಲದಲ್ಲಿ ಆತ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೋಡಿದ. ನೀರಿಗೆ ಹಿತವಾದ ಚುರುಕು ಬಂತು. ಅದು ಇಂಗಾಲದ ಡೈಆಕ್ಸೈಡ್. 1772ರಲ್ಲಿ ಈ ವಿಧಾನವನ್ನು ವಿವರಿಸುವ ಪುಸ್ತಿಕೆಯನ್ನೂ ಪ್ರಕಟಿಸಿದ. ಹಡಗಿನಲ್ಲಿ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗಕ್ಕೆ ಇದು ಮದ್ದಾದೀತೆಂದು ಅವನ ನಿರೀಕ್ಷೆ. ಹಾಗಾಗಲಿಲ್ಲ. ಸ್ಕರ್ವಿಗೆ ಮದ್ದು ನಿಂಬೆಯ ಜಾತಿಯ ಹಣ್ಣಿನಲ್ಲಿತ್ತು. ಅದೇ ಹಣ್ಣು ಮುಂದೆ ಅದೇ ನೀರಿಗೆ ಬಂದು ಸೇರಿದ್ದು, ಗುಣಕ್ಕಾಗಿ ಅಲ್ಲ, ರುಚಿಗಾಗಿ.

ಜಿನೀವಾದಲ್ಲಿ 1783ರಲ್ಲಿ ಜೇಕಬ್ ಶ್ವೆಪ್ ಈ ನೀರಿನ ವ್ಯಾಪಾರ ಹೂಡಿ ಕೆಲವೇ ವರ್ಷಗಳಲ್ಲಿ ಲಂಡನ್ನಿಗೆ ಹೋದ. ಅಮೆರಿಕದಲ್ಲಿ ಯೇಲ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೆಂಜಮಿನ್ ಸಿಲ್ಲಿಮನ್ 1806ರಲ್ಲಿ ನ್ಯೂ ಹೇವನ್ನಿನಲ್ಲಿ ಮಾರಾಟಕ್ಕಿಳಿದ. ಆರಂಭದ ದಿನಗಳಲ್ಲಿ ನೀರಿಗೆ ಸೋಡಿಯಂನ ಲವಣ ಬೆರೆಸುತ್ತಿದ್ದರಿಂದ ಸೋಡಾ ಎಂಬ ಹೆಸರು ಬಂತು. ಲವಣ ಹೋದರೂ ಹೆಸರು ನಿಂತಿತು. ಔಷಧವೆಂದು ಹುಟ್ಟಿದ ಪದಾರ್ಥ ಔಷಧ ಮಾರುವವನ ಬಳಿ ಸಿಕ್ಕುವುದು ಸಹಜ. ಆಮ್ಲ, ಲವಣ, ಪಾಕಗಳನ್ನು ತೂಗಿ ಬೆರೆಸುವುದರಲ್ಲಿ ಪಳಗಿದವನೂ ಅವನೇ. ಕಹಿ ಮದ್ದನ್ನು ಸಕ್ಕರೆ ಪಾಕದಲ್ಲಿ ಕಲಸಿ ಕೊಡುವುದು ಅವನ ಕುಲಕಸುಬು ಎಂದರೂ ನಡೆದೀತು.

ಅನಿಲವನ್ನು ತಯಾರಿಸುತ್ತಿದ್ದ ರೀತಿ ಮಾತ್ರ ಭಯಂಕರವಾಗಿತ್ತು. ಸೀಮೆಸುಣ್ಣ ಅಥವಾ ಅಮೃತಶಿಲೆಯ ಪುಡಿಯ ಮೇಲೆ ಗಂಧಕಾಮ್ಲ ಸುರಿಯುವುದು, ಹೊಮ್ಮುವ ಅನಿಲವನ್ನು ತೊಳೆದು ಒತ್ತಡದಲ್ಲಿ ನೀರಿಗೆ ತುಂಬುವುದು. ಇಂಗ್ಲೆಂಡಿನಿಂದ ಬಂದ ಜಾನ್ ಮ್ಯಾಥ್ಯೂಸ್ 1830ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಇಂಥ ಯಂತ್ರಗಳನ್ನು ಕಟ್ಟಿ ಮಾರಿದ. ನಗರದ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್ ಕಟ್ಟುವಾಗ ಉಳಿದ ಅಮೃತಶಿಲೆಯ ಚೂರುಗಳೆಲ್ಲ ಅವನ ಕಾರ್ಖಾನೆಯಲ್ಲಿ ಸೋಡಾ ಆದವು ಎಂಬ ಕಥೆಯಿದೆ. ಒತ್ತಡ ಅಳೆಯುವ ಮಾಪಕದ ಬದಲು ಬೆನ್ ಆಸ್ಟಿನ್ ಎಂಬ ಮಾಜಿ ಗುಲಾಮ ನಳಿಕೆಯ ಬಾಯಿಗೆ ಹೆಬ್ಬೆರಳೊತ್ತಿ ಹಿಡಿಯುತ್ತಿದ್ದನಂತೆ. ಬೆರಳು ಹಾರಿಹೋದರೆ ನೀರು ಸಿದ್ಧ. ತೊಟ್ಟಿ ಸಿಡಿದು ಕೆಲಸಗಾರರು ಸತ್ತದ್ದೂ ಉಂಟು. ಹುಳಿಯಾದ ಸೋಡಾ ಸೀಸದ ಕೊಳವೆಯನ್ನು ಕರಗಿಸಿ ಕುಡಿಯುವವರ ಹೊಟ್ಟೆ ಸೇರುವ ಅಪಾಯ ಇನ್ನೊಂದು. ಅಮೆರಿಕದ ಅಜ್ಜ ಅಜ್ಜಿಯರ ಕಾಲದ ‘ಶುದ್ಧ’ ಪಾನೀಯದ ಬಗ್ಗೆ ಭಾವುಕರಾಗುವ ಮೊದಲು ಇವನ್ನೂ ನೆನೆಯುವುದು ಒಳ್ಳೆಯದು.

ಹಣ್ಣು ಈ ನೀರಿಗೆ ಸೇರಿದ್ದು ಯಾವಾಗ? ಫಿಲಡೆಲ್ಫಿಯಾದ ಔಷಧ ವ್ಯಾಪಾರಿ ಟೌನ್‌ಸೆಂಡ್ ಸ್ಪೀಕ್‌ಮನ್ 1807ರಲ್ಲಿ ರೋಗಿಗಳಿಗೆ ಕೊಡುವ ಸೋಡಾದಲ್ಲಿ ಹಣ್ಣಿನ ರಸ ಬೆರೆಸಿದ ಎಂದು ಹೇಳುತ್ತಾರೆ. ಅದೇ ನಗರದಲ್ಲಿ 1876ರಲ್ಲಿ ನಡೆದ ಸ್ವಾತಂತ್ರ್ಯದ ಶತಮಾನೋತ್ಸವ ಪ್ರದರ್ಶನದಲ್ಲಿ ಸುಮಾರು 30 ಅಡಿ ಎತ್ತರದ ಸೋಡಾ ಫೌಂಟನ್ ನಿಂತಿತ್ತು. ನೋಡಿ ಹೋದವರು ತಮ್ಮ ತಮ್ಮ ಊರಿಗೂ ಒಂದು ಬೇಕೆಂದರು. ಮದ್ಯಪಾನವನ್ನು ವಿರೋಧಿಸುವವರಿಗೆ ಹೆಂಗಸರು ಮಕ್ಕಳು ಕೂರಬಹುದಾದ ಜಾಗವೊಂದು ಸಿಕ್ಕಿತು. 1880ರ ದಶಕದ ಕೊನೆಗೆ ಉಕ್ಕಿನ ಸಿಲಿಂಡರಿನಲ್ಲಿ ದ್ರವರೂಪದ ಅನಿಲ ಸಿಗತೊಡಗಿದ ಮೇಲೆ ಗಂಧಕಾಮ್ಲದ ಕಾಟವೂ ತಪ್ಪುತ್ತ ಬಂತು. ಚೆರ್ರಿ, ರಾಸ್ಪ್‌ಬೆರ್ರಿ, ಸ್ಟ್ರಾಬೆರ್ರಿ, ಅನಾನಸ್, ಕಿತ್ತಳೆ, ನಿಂಬೆ, ದ್ರಾಕ್ಷಿ ಎಂದು ಪಾಕದ ನಲ್ಲಿಗಳು ಸಾಲುಗಟ್ಟಿದವು. ಕೋಕಾ-ಕೋಲಾ ಕೂಡ 1886ರ ಮೇ ತಿಂಗಳಲ್ಲಿ ಅಟ್ಲಾಂಟಾದ ಇಂಥದೊಂದು ಕಟ್ಟೆಯ ಮೇಲೆ, ಲೋಟಕ್ಕೆ 5 ಸೆಂಟಿನಂತೆ ಮಾರಾಟವಾಗಿ ಲೋಕಕ್ಕೆ ಬಂದದ್ದು.

ಆದರೆ ನಲ್ಲಿಯ ಮೇಲೆ ಹಣ್ಣಿನ ಹೆಸರಿದ್ದ ಮಾತ್ರಕ್ಕೆ ಒಳಗೆ ಹಣ್ಣಿತ್ತು ಎನ್ನುವಂತಿರಲಿಲ್ಲ. 1851ರ ಲಂಡನ್ ಮಹಾಪ್ರದರ್ಶನದಲ್ಲಿಯೇ ರಸಾಯನಶಾಸ್ತ್ರಜ್ಞರು ಅನಾನಸ್ಸಿನ ವಾಸನೆ, ಪೇರು ಹಣ್ಣಿನ ವಾಸನೆಗಳನ್ನು ಹಣ್ಣಿಲ್ಲದೆ ಮಾಡಿ ತೋರಿಸಿದ್ದರು. ಅನಾನಸ್ಸಿನದು ಈಥೈಲ್ ಬ್ಯುಟಿರೇಟ್ ಎಂಬ ಸಂಯುಕ್ತ. ಇದಕ್ಕೆ ಸಕ್ಕರೆ ಪಾಕ, ಒಂದಿಷ್ಟು ಹುಳಿ, ಕಲ್ಲಿದ್ದಲ ಟಾರಿನಿಂದ ತೆಗೆದ ಬಣ್ಣ ಸೇರಿದರೆ ‘ಹಣ್ಣಿನ ಪಾಕ’ ಸಿದ್ಧ. ನೊರೆ ದಪ್ಪಗೆ ನಿಲ್ಲಲೆಂದು ಅಂಟುವಾಳದಂತೆ ನೊರೆ ಕೊಡುವ ಒಂದು ಮರದ ತೊಗಟೆಯ ಕಷಾಯವನ್ನೂ ಹನಿಸುತ್ತಿದ್ದರು. ಒಳ್ಳೆಯ ಅಂಗಡಿಯವರು ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಹಣ್ಣು ತಂದು ಜಜ್ಜಿ ಪಾಕ ಮಾಡುತ್ತಿದ್ದರು. ಅಗ್ಗದ ಅಂಗಡಿಯವರು ಸೀಸೆಯ ಎಸೆನ್ಸ್ ತರುತ್ತಿದ್ದರು. ಕುಡಿಯುವವನಿಗೆ ಯಾವುದು ಯಾವುದೆಂದು ತಿಳಿಯುವ ಬಗೆಯಿರಲಿಲ್ಲ. ಹಾರ್ವೆ ವೈಲಿ ಎಂಬ ಸರ್ಕಾರಿ ರಸಾಯನಶಾಸ್ತ್ರಜ್ಞ ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 1906ರಲ್ಲಿ ಶುದ್ಧ ಆಹಾರ ಮತ್ತು ಔಷಧ ಕಾಯಿದೆ ಬಂದು, ಇಲ್ಲದ್ದನ್ನು ಇದೆಯೆಂದು ಚೀಟಿ ಹಚ್ಚಿ ಮಾರುವುದು ಅಪರಾಧವಾಯಿತು. ಹಾಗಾಗಿ ಹಳೆಯ ಕಾಲದಂತೆ ಮಾಡುತ್ತೇವೆ ಎನ್ನುವವರು ಯಾವ ಹಳೆಯ ಕಾಲ ಎಂದು ಕೇಳಿಕೊಳ್ಳಬೇಕು. ಎರಡೂ ಹಳೆಯವೇ.

ಕಟ್ಟೆಯ ಬಗ್ಗೆ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಸ್ಟೂಲುಗಳ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ದೇಶದ ದಕ್ಷಿಣದಲ್ಲಿ ಮಾತ್ರವಲ್ಲ, ಮಧ್ಯದ ಅನೇಕ ಊರುಗಳಲ್ಲೂ ಕಪ್ಪು ಜನ ಅದೇ ಅಂಗಡಿಯಲ್ಲಿ ಮಾತ್ರೆ ಕೊಳ್ಳಬಹುದಿತ್ತು, ಸಾಬೂನು ಕೊಳ್ಳಬಹುದಿತ್ತು. ಸೋಡಾ ಬೇಕಾದರೆ ಕಟ್ಟಿಸಿಕೊಂಡು ಹೊರಗೆ ಹೋಗಬೇಕಿತ್ತು. ಹೋಟೆಲುಗಳಲ್ಲಿ ಬೇರೆ ಲೋಟ ಇಡುತ್ತಿದ್ದ ಪದ್ಧತಿ ಕಂಡ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1958ರ ಜುಲೈನಲ್ಲಿ ಕಾನ್ಸಸ್ ರಾಜ್ಯದ ವಿಚಿಟಾ ನಗರದ ಡಾಕಮ್ ಔಷಧದಂಗಡಿಯ ಕಟ್ಟೆಯಲ್ಲಿ ಕಪ್ಪು ವಿದ್ಯಾರ್ಥಿಗಳು ಬಂದು ಕುಳಿತರು. ಯಾರೂ ಬಡಿಸಲಿಲ್ಲ, ಅವರು ಏಳಲಿಲ್ಲ. ಮೂರು ವಾರ ಕಳೆದ ಮೇಲೆ ಅಂಗಡಿ ಸೋತಿತು. ಅದೇ ಆಗಸ್ಟ್ 19ರಂದು ಒಕ್ಲಹೋಮಾ ನಗರದಲ್ಲಿ ಕ್ಲಾರಾ ಲೂಪರ್ ಎಂಬ ಶಾಲಾ ಶಿಕ್ಷಕಿ ಹದಿಮೂರು ಮಕ್ಕಳನ್ನು ಕರೆದುಕೊಂಡು ಕಾಟ್ಜ್ ಔಷಧದಂಗಡಿಗೆ ಹೋದಳು. ಮಕ್ಕಳು ಕೇಳಿದ್ದು ಒಂದೊಂದು ಲೋಟ ಕೋಕಾ-ಕೋಲಾ. ಕೆಲವೇ ದಿನಗಳಲ್ಲಿ ಅದು ಸಿಕ್ಕಿತು. 1960ರ ಫೆಬ್ರವರಿಯಲ್ಲಿ ಗ್ರೀನ್ಸ್‌ಬರೋ ನಗರದ ವೂಲ್‌ವರ್ತ್ ಕಟ್ಟೆಯಲ್ಲಿ ನಾಲ್ವರು ವಿದ್ಯಾರ್ಥಿಗಳು ಕುಳಿತದ್ದು, 1964ರ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು ಮುಂದಿನ ಇತಿಹಾಸ.

ಅಷ್ಟರಲ್ಲಿ ಕಟ್ಟೆಗಳ ಕಾಲವೇ ಮುಗಿಯುತ್ತ ಬಂದಿತ್ತು. ಬಿರಡೆಯ ಬಾಟಲಿ, ಮನೆಮನೆಯ ರೆಫ್ರಿಜರೇಟರ್, ಕಾರು, ತಾವೇ ಆರಿಸಿಕೊಳ್ಳುವ ದೊಡ್ಡ ಅಂಗಡಿ, ಇವೆಲ್ಲ ಸೇರಿ ಅವುಗಳನ್ನು ಮುಗಿಸಿದವು. ಬಾಟಲಿಯ ಪಾನೀಯ ಎಲ್ಲ ಊರಲ್ಲೂ ಒಂದೇ ರುಚಿ ಕೊಟ್ಟಿತು. ತಿಂಗಳುಗಟ್ಟಲೆ ಕೆಡದಿರಬೇಕಾದ್ದರಿಂದ ಹಸಿ ಹಣ್ಣಿಗೆ ಅದರಲ್ಲಿ ಜಾಗವಿರಲಿಲ್ಲ. ಕೇಳಿದಾಗ, ಕಣ್ಣೆದುರು, ಒಂದೊಂದು ಲೋಟವಾಗಿ ಮಾಡಿಕೊಡುವುದು ನಿಂತುಹೋಯಿತು. ಅಂಥ ಲೋಟ ಇನ್ನು ಸುಲಭವಾಗಿ ಸಿಗುವುದು ಅಡುಗೆಮನೆಯಲ್ಲಿ.

ಅಡುಗೆಮನೆಯಲ್ಲಿ ಮೊದಲು ಆಗಬೇಕಾದದ್ದು ಪಾಕ. ಇಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಅಮೆರಿಕದ ಕಟ್ಟೆಗಳ ದ್ರಾಕ್ಷಿ ಪಾನೀಯಕ್ಕೆ ಹೆಸರಾದದ್ದು ಕಾಂಕರ್ಡ್ ಎಂಬ ಕಪ್ಪು ದ್ರಾಕ್ಷಿ. ನ್ಯೂಜೆರ್ಸಿಯ ಥಾಮಸ್ ವೆಲ್ಚ್ 1869ರಲ್ಲಿ ಇದರ ರಸವನ್ನು ಬಿಸಿಮಾಡಿ, ಹುಳಿಹಿಡಿದು ಮದ್ಯವಾಗದಂತೆ ಇಡುವುದನ್ನು ಸಾಧಿಸಿದ್ದ. ಇದು ಯುರೋಪಿನ ದ್ರಾಕ್ಷಿಯ ಜಾತಿಯಲ್ಲ, ಅಮೆರಿಕದ ಕಾಡುಬಳ್ಳಿಯ ಜಾತಿ. ಸಿಪ್ಪೆ ದಪ್ಪ, ಹಿಸುಕಿದರೆ ತಿರುಳು ಜಾರಿ ಹೊರಬೀಳುತ್ತದೆ, ಪರಿಮಳ ಗಾಢ. ಈ ಲಕ್ಷಣಗಳನ್ನು ಕೇಳಿದೊಡನೆ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ‘ಇದು ನಮ್ಮ ದ್ರಾಕ್ಷಿಯಲ್ಲವೆ’ ಅನ್ನಿಸಬೇಕು. ಹೌದು, ಬೆಂಗಳೂರು ನೀಲಿ ದ್ರಾಕ್ಷಿಯೂ ಅದೇ ಅಮೆರಿಕದ ಬಳ್ಳಿಯ ಸಂಬಂಧಿ. ಬೀಜವಿಲ್ಲದ ಹಸಿರು ದ್ರಾಕ್ಷಿಯ ಮುಂದೆ ಬಡವನಂತೆ ಬುಟ್ಟಿಯಲ್ಲಿ ಕೂರುವ ಈ ಹಣ್ಣು ಸೋಡಾ ಪಾಕಕ್ಕೆ ರಾಜ.

ಒಂದು ಕಿಲೋ ಹಣ್ಣನ್ನು ತೊಟ್ಟು ತೆಗೆದು ಚೆನ್ನಾಗಿ ತೊಳೆಯಿರಿ. ಸ್ಟೀಲಿನ ಪಾತ್ರೆಯಲ್ಲಿ ಕೈಯಿಂದಲೇ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಒಗರು ಇಳಿಯುತ್ತದೆ. ಅಲ್ಯೂಮಿನಿಯಂ, ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಗಳನ್ನು ಹುಳಿ ತಿನ್ನುತ್ತದೆ, ಅವೂ ಬೇಡ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಹಬೆಯಾಡಬೇಕು, ಕುದಿಯಬಾರದು. ಬಣ್ಣವಿರುವುದು ಸಿಪ್ಪೆಯಲ್ಲಿ, ಅದನ್ನು ಬಿಡಿಸಲು ಬಿಸಿ ಬೇಕು. ಪರಿಮಳವಿರುವುದು ಹಗುರಾದ ತೈಲಗಳಲ್ಲಿ, ಕುದಿಸಿದರೆ ಅದು ಮನೆಯ ಗಾಳಿಗೆ ಸೇರುತ್ತದೆ, ಲೋಟಕ್ಕಲ್ಲ. ನಂತರ ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ತಾನಾಗಿ ಇಳಿಯಲು ಬಿಡಿ. ಅವಸರಪಟ್ಟು ಹಿಂಡಿದರೆ ರಸ ಕದಡುತ್ತದೆ. ಈ ರಸವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ತಳದಲ್ಲಿ ಮರಳಿನಂಥ ಹರಳು ಕೂರಬಹುದು. ಹೆದರಬೇಕಾಗಿಲ್ಲ, ಅದು ದ್ರಾಕ್ಷಿಯದೇ ಟಾರ್ಟಾರ್. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು, ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಸಕ್ಕರೆ ಹಾಕಿ, ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿದರೆ ಪಾಕವಾಯಿತು. ಕುದಿನೀರಲ್ಲಿ ಅದ್ದಿ ಒಣಗಿಸಿದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡು ಮೂರು ವಾರ ಬರುತ್ತದೆ. ಮುಚ್ಚಳ ತೆಗೆದಾಗ ಬುಸ್ಸೆಂದರೆ ಅಥವಾ ಮೇಲೆ ಬೂಷ್ಟು ಕಂಡರೆ ಚೆಲ್ಲಿಬಿಡಬೇಕು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಜಿಪುಣತನ ಬೇಡ.

ಮೆತ್ತನೆಯ ಹಣ್ಣುಗಳಿಗೆ ಬಿಸಿಯೇ ಬೇಡ. ಸ್ಟ್ರಾಬೆರ್ರಿಯನ್ನು ಹೆಚ್ಚಿ, ಸಮತೂಕದ ಸಕ್ಕರೆಯಲ್ಲಿ ಹೊರಳಿಸಿ ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವುದರೊಳಗೆ ಸಕ್ಕರೆ ರಸವನ್ನು ತಾನೇ ಎಳೆದು ಪಾಕ ಮಾಡಿರುತ್ತದೆ, ಸೋಸಿದರೆ ಮುಗಿಯಿತು. ನಿಂಬೆ, ಕಿತ್ತಳೆಗಳ ಗುಟ್ಟೇ ಬೇರೆ. ಅವುಗಳ ಹುಳಿ ರಸದಲ್ಲಿದ್ದರೆ ಪರಿಮಳ ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿದೆ. ಕಟ್ಟೆಯವರು ಆ ಹೊರಸಿಪ್ಪೆಯನ್ನು ಸಕ್ಕರೆಯೊಡನೆ ಉಜ್ಜಿ ಎಣ್ಣೆಯನ್ನು ಸಕ್ಕರೆಗೆ ಹೀರಿಸುತ್ತಿದ್ದರು. ನಾಲ್ಕು ಹಣ್ಣಿನ ಸಿಪ್ಪೆಯನ್ನು, ಬಿಳಿಯ ಭಾಗ ಸೇರದಂತೆ, ನುಣ್ಣಗೆ ತುರಿದು ಕಾಲು ಕಿಲೋ ಸಕ್ಕರೆಯಲ್ಲಿ ತಿಕ್ಕಿ ಮೂರು ನಾಲ್ಕು ಗಂಟೆ ಮುಚ್ಚಿಡಿ. ಸಕ್ಕರೆ ಒದ್ದೆಯಾಗಿ ಘಮ್ಮೆನ್ನುತ್ತದೆ. ಆಮೇಲೆ ರಸ ಹಿಂಡಿ, ಕರಗಿಸಿ, ಸೋಸಿ. ನಮ್ಮ ನಿಂಬೆ ಷರಬತ್ತಿಗೆ ಯಾರೂ ಸಿಪ್ಪೆ ಮುಟ್ಟುವುದಿಲ್ಲ. ಒಮ್ಮೆ ಹೀಗೆ ಮಾಡಿದವರು ಮತ್ತೆ ಸಿಪ್ಪೆ ಎಸೆಯಲಾರರು.

ಷರಬತ್ತು ಎಂದಾಗ ಒಂದು ಮಾತು. ಕುಡಿಯುವುದು ಎಂಬರ್ಥದ ಅರಬ್ಬಿ ಧಾತುವೊಂದರಿಂದಲೇ ನಮ್ಮ ಷರಬತ್ತೂ, ಅವರ ಸಿರಪ್ಪೂ, ಸೋಡಾ ಫೌಂಟನ್ನಿಗಿಂತ ಮುಂಚೆಯೇ ಅಮೆರಿಕದ ಮನೆಗಳಲ್ಲಿದ್ದ ಶ್ರಬ್ ಎಂಬ ಪಾನೀಯದ ಹೆಸರೂ ಬಂದವು. ಹೆಸರು ಸುತ್ತಿದ ದಾರಿ ಬೇರೆ ಬೇರೆ, ಮನೆತನ ಒಂದೇ. ಶ್ರಬ್ ಎಂದರೆ ಹಣ್ಣು, ಸಕ್ಕರೆ, ವಿನಿಗರ್. ಫ್ರಿಜ್ ಇಲ್ಲದ ಕಾಲದಲ್ಲಿ ಬೇಸಿಗೆಯ ಹಣ್ಣನ್ನು ಚಳಿಗಾಲದವರೆಗೆ ಇಡಲು ಗೃಹಿಣಿಯರು ಕಂಡುಕೊಂಡ ಉಪಾಯ. ಕರಾವಳಿಯ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಈ ಹಣ್ಣಿನ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಟ್ಟು ಇಳಿಸುವ ಪಾಕಕ್ಕೆ ವಿನಿಗರ್ ಕೂಡ ಬೇಡ. ಹುಳಿ ಅದರ ಹುಟ್ಟುಗುಣ. ತಣ್ಣನೆಯ ಸೋಡಾದಲ್ಲಿ ಅದನ್ನು ಬೆರೆಸಿದರೆ ಫಿಲಡೆಲ್ಫಿಯಾದ ಯಾವ ಅಂಗಡಿಯವನೂ ತಲೆದೂಗುತ್ತಿದ್ದ.

ಈ ಹುಳಿಯೇ ಎರಡನೆಯ ಸಂಗತಿ. ಆರಂಭದಲ್ಲಿ ಹೇಳಿದ ಬಾಯಿ ಕಟ್ಟುವ ದೂರಿಗೆ ಮುಖ್ಯ ಕಾರಣ ಇದರ ಕೊರತೆ. ಹಾರ್ವರ್ಡಿನ ಪ್ರಾಧ್ಯಾಪಕ ಎಬೆನ್ ಹಾರ್ಸ್‌ಫರ್ಡ್ ಹತ್ತೊಂಬತ್ತನೆಯ ಶತಮಾನದಲ್ಲಿ ‘ಆ್ಯಸಿಡ್ ಫಾಸ್ಫೇಟ್’ ಎಂಬ ಟಾನಿಕ್ ತಯಾರಿಸಿದ. ಫಾಸ್ಫಾರಿಕ್ ಆಮ್ಲವನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಲವಣಗಳೊಡನೆ ಹದಗೊಳಿಸಿದ ದ್ರಾವಣ ಅದು. ನರದೌರ್ಬಲ್ಯಕ್ಕೆ, ಅಜೀರ್ಣಕ್ಕೆ ಒಳ್ಳೆಯದೆಂದು ಜಾಹೀರಾತು. ರೋಗಕ್ಕೆ ಏನಾಯಿತೋ ಏನೋ, ಕಟ್ಟೆಯ ಹುಡುಗರ ಕೈಗೆ ಮಾತ್ರ ಒಂದು ನಿಧಿ ಸಿಕ್ಕಿತು. ಅದರ ಹುಳಿಗೆ ತನ್ನದೇ ಹಣ್ಣಿನ ರುಚಿ ಇಲ್ಲ. ಚೆರ್ರಿ ಪಾಕಕ್ಕೆ ನಿಂಬೆ ಹಿಂಡಿದರೆ ಚೆರ್ರಿಯ ಜೊತೆ ನಿಂಬೆಯೂ ಮಾತಾಡುತ್ತದೆ. ಫಾಸ್ಫೇಟ್ ಹನಿಸಿದರೆ ಚೆರ್ರಿಯೊಂದೇ ಎದ್ದುನಿಲ್ಲುತ್ತದೆ. ಹೀಗೆ ಹುಟ್ಟಿದವು ಚೆರ್ರಿ ಫಾಸ್ಫೇಟ್, ಕಿತ್ತಳೆ ಫಾಸ್ಫೇಟ್ ಎಂಬ ಹೆಸರಾಂತ ಪಾನೀಯಗಳು.

ಮನೆಯಲ್ಲಿ ಇದಕ್ಕಾಗಿ ಕಾರ್ಖಾನೆಗೆ ಮಾರುವ ಫಾಸ್ಫಾರಿಕ್ ಆಮ್ಲವನ್ನು ತರುವ ಸಾಹಸ ಯಾರೂ ಮಾಡಕೂಡದು. ದಿನಸಿ ಅಂಗಡಿಯಲ್ಲಿ ಸಿಗುವ, ತಿನ್ನಲು ಯೋಗ್ಯವಾದ ಸಿಟ್ರಿಕ್ ಆಮ್ಲದ ಹರಳು ಸಾಕು. ಕುದಿಸಿ ಆರಿಸಿದ 100 ಮಿಲಿಲೀಟರ್ ನೀರಿನಲ್ಲಿ 10 ಗ್ರಾಂ ಕರಗಿಸಿ ಸಣ್ಣ ಸೀಸೆಯಲ್ಲಿಡಿ. ಲೋಟಕ್ಕೆ ಅರ್ಧ ಟೀ ಚಮಚ. ನಂಬಿಕೆ ಬಾರದವರು ಒಂದು ಪರೀಕ್ಷೆ ಮಾಡಬಹುದು: ಒಂದೇ ಅಳತೆಯ ದ್ರಾಕ್ಷಿ ಪಾಕ, ಒಂದೇ ಅಳತೆಯ ಸೋಡಾ, ಎರಡು ಲೋಟ, ಒಂದಕ್ಕೆ ಮಾತ್ರ ಹುಳಿ ಹನಿಸಿ. ಮೊದಲು ಕಣ್ಣಿಗೇ ತಿಳಿಯುತ್ತದೆ. ದ್ರಾಕ್ಷಿಯ ಬಣ್ಣ ಹುಳಿಯಲ್ಲಿ ನೇರಳೆಯಿಂದ ಕೆಂಪಿಗೆ ತಿರುಗುತ್ತದೆ. ಕುಡಿದರೆ, ಸಕ್ಕರೆ ಎರಡರಲ್ಲೂ ಒಂದೇ ಇದ್ದರೂ ಹುಳಿಯಿಲ್ಲದ್ದು ಹೆಚ್ಚು ಸಿಹಿ, ಕಡಿಮೆ ಹಣ್ಣು ಅನ್ನಿಸುತ್ತದೆ. ಪಾಕವನ್ನು ಹೆಚ್ಚಿಸುವ ಬದಲು ಹುಳಿಯನ್ನು ಸರಿಪಡಿಸುವುದು ಕಟ್ಟೆಯವರ ಜಾಣತನವಾಗಿತ್ತು.

ಮೂರನೆಯದು ತಂಪು. ಇದನ್ನು ಉಡಾಫೆ ಮಾಡುವವರೇ ಹೆಚ್ಚು. ಸಾಮಾನ್ಯ ವಾಯುಒತ್ತಡದಲ್ಲಿ 0 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಬಲ್ಲದು. 20 ಡಿಗ್ರಿಯಲ್ಲಿ ಅದರ ಅರ್ಧದಷ್ಟು ಮಾತ್ರ. ಬೆಚ್ಚನೆಯ ಸೋಡಾದ ಮುಚ್ಚಳ ತೆಗೆದಾಗ ಆಗುವ ಸದ್ದು, ಉಕ್ಕು ನೋಡಲು ಚಂದ; ಲೋಟಕ್ಕೆ ಬರಬೇಕಾದದ್ದು ಹೊರಗೆ ಹೋಯಿತು ಎಂದಷ್ಟೇ ಅದರ ಅರ್ಥ. ಕಟ್ಟೆಗಳ ವೈಭವದ ಹಿಂದೆ ಇದ್ದದ್ದು ಅಗ್ಗದ ಮಂಜುಗಡ್ಡೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಚಳಿಗಾಲದಲ್ಲಿ ಕೆರೆಗಳ ಮಂಜನ್ನು ಕೊಯ್ದು ಮಾರುವುದನ್ನೇ ಉದ್ಯಮ ಮಾಡಿಕೊಂಡಿದ್ದ. 1833ರಲ್ಲಿ ಮರದ ಹೊಟ್ಟಿನಲ್ಲಿ ಮುಚ್ಚಿ ಕಲ್ಕತ್ತೆಗೂ ಹಡಗಿನಲ್ಲಿ ಕಳಿಸಿದ. ಮದರಾಸಿನ ಕಡಲತೀರದ ‘ಐಸ್ ಹೌಸ್’ ಕಟ್ಟಡ ಆ ವ್ಯಾಪಾರದ್ದೇ ಕುರುಹು. ಈಗ ನಮಗೆ ಫ್ರಿಜ್ಜಿದೆ. ಸೋಡಾ, ಪಾಕ, ಲೋಟ ಮೂರೂ ತಣ್ಣಗಿರಬೇಕು. ಬೆಚ್ಚನೆಯ ಸೋಡಾಕ್ಕೆ ಐಸ್ ತುಂಡು ಹಾಕಿ ತಣಿಸಿದರೆ, ಗುಳ್ಳೆಯೂ ಹೋಗುತ್ತದೆ, ಕರಗಿದ ನೀರೂ ಸೇರುತ್ತದೆ.

ಸೋಡಾ ಎಲ್ಲಿಂದ? ಅಂಗಡಿಯ ಸಾದಾ ಸೋಡಾ ಸಾಕು. ಗೋಲಿ ಸೋಡಾ ಸಿಗುವ ಊರಿನವರು ಅದನ್ನೇ ತರಲಿ. 1872ರ ಸುಮಾರಿಗೆ ಇಂಗ್ಲೆಂಡಿನ ಹೈರಮ್ ಕಾಡ್ ರೂಪಿಸಿದ ಆ ಬಾಟಲಿ ತನ್ನ ತವರಿನಲ್ಲಿ ಮ್ಯೂಸಿಯಂ ಸೇರಿದ್ದರೂ ನಮ್ಮಲ್ಲಿ ಇನ್ನೂ ‘ಠಪ್’ ಎನ್ನುತ್ತಿದೆ. ನೀರು ಎಂಥದೆಂದು ವಿಚಾರಿಸಿಕೊಂಡರೆ ಆಯಿತು. ಮನೆಯಲ್ಲೇ ಮಾಡುವ ಸೈಫನ್ ಸೀಸೆಗಳೂ ಇವೆ. ಒಂದು ಲೀಟರಿನ ಸೀಸೆಗೆ 8 ಗ್ರಾಂ ಅನಿಲದ ಪುಟ್ಟ ಕ್ಯಾಪ್ಸೂಲ್. ಗುರುತಿನವರೆಗೆ ಮಾತ್ರ, ಅದೂ ಫ್ರಿಜ್ಜಿನ ನೀರನ್ನೇ ತುಂಬಬೇಕು. ಹಣ್ಣಿನ ರಸಕ್ಕೆ ನೇರವಾಗಿ ಅನಿಲ ಹಾಯಿಸಲು ಹೋದರೆ ರಸ ನೊರೆಯಾಗಿ ಉಕ್ಕಿ ನಳಿಕೆ ಕಟ್ಟುತ್ತದೆ. ಅನಿಲ ನೀರಿಗೆ, ಪಾಕ ಲೋಟಕ್ಕೆ. ಡ್ರೈ ಐಸ್ ಹಾಕಿ ಬಾಟಲಿ ಬಿಗಿಯುವುದು, ಯೀಸ್ಟ್ ಹಾಕಿ ಗಾಜಿನ ಬಾಟಲಿಯನ್ನು ಬೇಸಿಗೆಯಲ್ಲಿ ಮೂಲೆಗಿಡುವುದು, ಇವೆಲ್ಲ ಬಾಂಬು ಮಾಡುವ ವಿಧಾನಗಳೇ. ಅಡುಗೆ ಸೋಡಾ ಮತ್ತು ನಿಂಬೆರಸ ಬೆರೆಸಿ ಉಕ್ಕಿಸುವುದರಿಂದ ಅಪಾಯವಿಲ್ಲ, ಆದರೆ ಅದು ಹುಳಿಯನ್ನು ತಿಂದು ಉಪ್ಪುಪ್ಪಾದ ಚಪ್ಪೆ ನೀರನ್ನು ಉಳಿಸುತ್ತದೆ.

ಕೊನೆಗೆ ಸುರಿಯುವ ಕ್ರಮ. ಕಟ್ಟೆಯ ನಲ್ಲಿಯ ಹಿಡಿ ಎರಡು ಕಡೆ ಆಡುತ್ತಿದ್ದದ್ದು ಅಲಂಕಾರಕ್ಕಲ್ಲ. ಒಂದು ಕಡೆಗೆ ಆಡಿಸಿದರೆ ಸೂಜಿಯಂಥ ಚುರುಕು ಧಾರೆ, ಪಾಕವನ್ನು ತಳದಿಂದ ಕೆದಕಿ ನೊರೆಯೆಬ್ಬಿಸಲು. ಇನ್ನೊಂದು ಕಡೆಗೆ ದಪ್ಪ ಮೆಲುಧಾರೆ, ಗುಳ್ಳೆ ಕೆಡದಂತೆ ಲೋಟ ತುಂಬಲು. ಮನೆಯಲ್ಲಿ ಹೀಗೆ: 30 ಮಿಲಿಲೀಟರ್ ಪಾಕ, ಅಂದರೆ ಎರಡು ದೊಡ್ಡ ಚಮಚ, ಲೋಟದ ತಳಕ್ಕೆ. ಅದರ ಮೇಲೆ ಹುಳಿ. ಎರಡು ಬೆರಳಷ್ಟು ಸೋಡಾ ಮೇಲಿನಿಂದ ರಭಸವಾಗಿ ಸುರಿದು, ಉದ್ದ ಚಮಚದಿಂದ ಪಾಕ ಪೂರ್ತಿ ಕರಗುವಂತೆ ಕಲಕಿ. ಅನಂತರ ಲೋಟವನ್ನು ಓರೆ ಹಿಡಿದು, ಉಳಿದ ಸೋಡಾವನ್ನು ಗೋಡೆಗುಂಟ ಇಳಿಸಿ, ಒಟ್ಟು 200 ಮಿಲಿಲೀಟರ್ ಆಗುವಂತೆ. ಮತ್ತೆ ಚಮಚ ಮುಟ್ಟಬೇಡಿ. ಸೋಡಾ ಮೊದಲು, ಪಾಕ ಆಮೇಲೆ ಹಾಕಿದರೆ ಪಾಕ ತಳಕ್ಕಿಳಿಯುತ್ತದೆ, ಕಲಕಬೇಕಾಗುತ್ತದೆ, ಕಲಕಿದಷ್ಟೂ ಗುಳ್ಳೆ ಹಾರುತ್ತದೆ. ಮಾಡಿ ಮೇಜಿನ ಮೇಲಿಟ್ಟು ನೆಂಟರ ದಾರಿ ಕಾಯುವ ಪಾನೀಯವಲ್ಲ ಇದು. ನೆಂಟರು ಕುಳಿತ ಮೇಲೆ ಅವರೆದುರೇ ಮಾಡುವಂಥದು.

ಬಾಸ್ಟನ್ ಕಡೆಯ ಕಟ್ಟೆಗಳಲ್ಲಿ ಇಂದಿಗೂ ಜನಪ್ರಿಯವಾದ ರಾಸ್ಪ್‌ಬೆರ್ರಿ ಲೈಮ್ ರಿಕಿಯನ್ನೂ ಹೀಗೇ ಮಾಡುತ್ತಾರೆ. ಅಲ್ಲಿ ಹುಳಿಯ ಸೀಸೆ ಬೇಕಿಲ್ಲ. ಅರ್ಧ ಲೈಮ್ ಹಣ್ಣು ಹಿಂಡಿ, ಹಿಂಡಿದ ಸಿಪ್ಪೆಯನ್ನೂ ಲೋಟದೊಳಕ್ಕೇ ಬಿಡುತ್ತಾರೆ. ನಮ್ಮ ನಿಂಬೆ ಅವರ ಲೈಮ್ ಜಾತಿಗೇ ಸೇರಿದ್ದು, ಹಳದಿಯ ದೊಡ್ಡ ಲೆಮನ್ ಅಲ್ಲ. ಆದ್ದರಿಂದ ಪುಸ್ತಕದಲ್ಲಿ ಲೈಮ್ ಎಂದಿದ್ದ ಕಡೆ ಧೈರ್ಯವಾಗಿ ನಿಂಬೆ ಬಳಸಬಹುದು. ರಾಸ್ಪ್‌ಬೆರ್ರಿಯ ಜಾಗದಲ್ಲಿ ದ್ರಾಕ್ಷಿ ಪಾಕ ಚೆನ್ನಾಗಿಯೇ ಕೂರುತ್ತದೆ.

ಸಕ್ಕರೆಯ ಲೆಕ್ಕವನ್ನು ಮುಚ್ಚಿಡಬೇಕಾಗಿಲ್ಲ. ಮೇಲಿನ ಅಳತೆಯ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ಸಾಧಾರಣ ಆಹಾರ ತೆಗೆದುಕೊಳ್ಳುವ ವಯಸ್ಕರಿಗೆ, ದಿನಕ್ಕೆ 50 ಗ್ರಾಂನಷ್ಟು. ಅದರ ಅರ್ಧಕ್ಕಿಳಿಸಿದರೆ ಇನ್ನೂ ಮೇಲು. ಮಧುಮೇಹಿಗಳಿಗೆ ಹಣ್ಣಿನದಾದರೂ ಸಕ್ಕರೆ ಸಕ್ಕರೆಯೇ. ಮನೆಯ ಲೋಟದ ಅನುಕೂಲವೆಂದರೆ ಪಾಕವನ್ನು ಒಂದೂವರೆ ಚಮಚಕ್ಕಿಳಿಸಿ, ಹುಳಿಯನ್ನು ನಾಲ್ಕು ಹನಿ ಏರಿಸಿಯೂ ರುಚಿ ಉಳಿಸಿಕೊಳ್ಳಬಹುದು. ಬಾಟಲಿಗೆ ಆ ಮಾತು ಹೇಳುವಂತಿಲ್ಲ.

ಮಕ್ಕಳಿರುವ ಮನೆಯಲ್ಲಿ ಇದಕ್ಕೊಂದು ಐಸ್‌ಕ್ರೀಮ್ ಉಂಡೆ ತೇಲಿಸು ಎಂಬ ಬೇಡಿಕೆ ಬಂದೇ ಬರುತ್ತದೆ. ಐಸ್‌ಕ್ರೀಮ್ ಸೋಡಾವನ್ನು ತಾನೇ ಮೊದಲು ಮಾಡಿದ್ದೆಂದು ಹೇಳಿಕೊಂಡವರು ಹಲವರು. ಫಿಲಡೆಲ್ಫಿಯಾದ ರಾಬರ್ಟ್ ಗ್ರೀನ್ 1874ರಲ್ಲಿ ಮಾಡಿದ ಎಂಬುದು ಹೆಚ್ಚು ಪ್ರಚಾರದಲ್ಲಿರುವ ಮಾತು. ಸ್ಟ್ರಾಬೆರ್ರಿ ಪಾಕ ಇದಕ್ಕೆ ಹೇಳಿಮಾಡಿಸಿದ್ದು. ಐಸ್‌ಕ್ರೀಮ್ ಹಾಕುವುದಾದರೆ ಹುಳಿಯ ಸೀಸೆಯನ್ನು ಮುಚ್ಚಿಡಿ, ಹಾಲು ಒಡೆದು ಕಣಕಣವಾಗುತ್ತದೆ. ಹಸಿ ಅನಾನಸ್ಸಿನ ಪಾಕ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಬ್ರೊಮಿಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಸ್ವಲ್ಪ ಹೊತ್ತಿನಲ್ಲೇ ಕಹಿ ಮಾಡುತ್ತದೆ. ಅನಾನಸ್ಸೇ ಬೇಕೆಂದು ಹಟ ಹಿಡಿದರೆ ಆ ಒಂದು ಹಣ್ಣಿನ ಪಾಕವನ್ನು ಐದು ನಿಮಿಷ ಚೆನ್ನಾಗಿ ಕುದಿಸಿ, ತಣಿಸಿ, ಆಮೇಲೆ ಬಳಸಿ.